ಹಳೆ ಸ್ಪಿನೆಟ್ ಪಿಯಾನೋದ ಪ್ಲಾಸ್ಟಿಕ್ ಎಲ್ಬೋಗಳು ಒಂದೊಂದಾಗಿ ಮುರಿಯುತ್ತಿವೆ

ಕಾಕ್ಸ್‌ಟೌನ್_ಸೊಸೆ:
ನಮಸ್ಕಾರ. ನಮ್ಮಲ್ಲಿ 1950ರ ದಶಕದ ಅಮೆರಿಕನ್ ಸ್ಪಿನೆಟ್ (ಎತ್ತರ ಕಡಿಮೆ ಇರುವ ಸಣ್ಣ ಪಿಯಾನೋ) ಇದೆ. ಅತ್ತೆಯವರದ್ದು. ಸಂಜೆ ದೀಪ ಹಚ್ಚಿ ಸ್ವಲ್ಪ ಹೊತ್ತು ನುಡಿಸುತ್ತಿದ್ದರು. ಅವರು ಹೋದ ಮೇಲೆ ಮಗಳು ಅದರಲ್ಲೇ ಕಲಿಯುತ್ತಿದ್ದಾಳೆ.

ದೀಪಾವಳಿ ಹೊತ್ತಿಗೆ ನಡುವಿನ ಸಿ ಸ್ವರ ನಿಂತುಹೋಯಿತು. ಕೀ ಸುಮ್ನೆ ಕೆಳಗೆ ಹೋಗುತ್ತದೆ, ತಂತಿಗೆ ಬಡಿಯುವ ಹ್ಯಾಮರ್ ಏಳುವುದಿಲ್ಲ. ಕೆಳಗಿನ ಹಲಗೆ ತೆಗೆದು ಟಾರ್ಚ್ ಬಿಟ್ಟರೆ ಹಳದಿ ಪ್ಲಾಸ್ಟಿಕ್ ಚೂರುಗಳು, ಬೆರಳಲ್ಲಿ ಒತ್ತಿದರೆ ರಸ್ಕಿನ ಹಾಗೆ ಪುಡಿ. ಫೆವಿಕ್ವಿಕ್ ಹಾಕಿದೆ, ಒಂದು ವಾರವೂ ಉಳಿಯಲಿಲ್ಲ. ಈಗ ಆರು ಹೋಗಿವೆ. ನೋಡಲು ಬಂದ ಟ್ಯೂನರ್ ಗುಜರಿಗೆ ಹಾಕಿ ಅಂದರು. ನನಗೆ ಮನಸ್ಸಿಲ್ಲ. ಆರನ್ನು ಮಾತ್ರ ಬದಲಿಸಿದರೆ ಸಾಕಾ? ಪೀಣ್ಯದಲ್ಲಿ ತ್ರೀಡಿ ಪ್ರಿಂಟ್ ಮಾಡಿಸಬಹುದಾ?

ಬಸವನಗುಡಿ_88:
ಮೇಡಂ, ದಯವಿಟ್ಟು ಗುಜರಿಗೆ ಹಾಕಬೇಡಿ. ನಾನು ಇದನ್ನೇ ನನ್ನ ಕೈಯಾರೆ ಸರಿಮಾಡಿದ್ದೇನೆ. ಮರ, ತಂತಿ, ಹ್ಯಾಮರ್ ಚೆನ್ನಾಗಿದ್ದರೆ ಪಿಯಾನೋಗೆ ಏನೂ ಆಗಿಲ್ಲ, ಹೋಗಿರುವುದು ಆ ಕಾಲದ ಪ್ಲಾಸ್ಟಿಕ್ ಮಾತ್ರ.

ಸ್ಪಿನೆಟ್‌ನಲ್ಲಿ ಆಕ್ಷನ್, ಅಂದರೆ ಹ್ಯಾಮರ್ ಎಬ್ಬಿಸುವ ಯಂತ್ರಭಾಗ, ಕೀಗಳಿಗಿಂತ ಕೆಳಗೆ ಕೂತಿರುತ್ತದೆ. ಕೀ ಒತ್ತಿದಾಗ ಅದರ ಹಿಂಬದಿ ಮೇಲೆದ್ದು ಒಂದು ಕಂಬಿಯನ್ನು ಎಳೆಯುತ್ತದೆ. ಕಂಬಿಗೂ ಆಕ್ಷನ್‌ಗೂ ಕೊಂಡಿ ಈ ಎಲ್ಬೋ. ಎಳೆತವೆಲ್ಲ ಅದರ ಮೇಲೇ ಬೀಳುತ್ತದೆ, ಅದಕ್ಕೇ ಅಂಟು ನಿಲ್ಲಲ್ಲ. ಎಲ್ಲವೂ ಒಂದೇ ವಯಸ್ಸಿನವು, ಹಾಗಾಗಿ 88 ಕೀಗಳ ಎಲ್ಬೋಗಳನ್ನೂ ಒಟ್ಟಿಗೇ ಬದಲಿಸಿ. ನಾನು ಮೊದಲು ನಾಲ್ಕು ಮಾತ್ರ ಹಾಕಿದೆ. ಯುಗಾದಿ ಕಳೆಯುವಷ್ಟರಲ್ಲಿ ಮತ್ತೆ ಒಂಬತ್ತು ಹೋದವು.

ವಾಗಿಯಾಸ್ ಎಲ್ಬೋ ಅಂತ ಸಿದ್ಧ ಎಲ್ಬೋಗಳು ಸಿಗುತ್ತವೆ, ಹೊರಗಿನಿಂದ ತರಿಸಬೇಕು. ಹಳೆಯದನ್ನು ಇಕ್ಕಳದಲ್ಲಿ ಹಿಸುಕಿ ಪುಡಿಮಾಡಿ ತೆಗೆಯಿರಿ. ಒಳಗಿನ ಸಣ್ಣ ಪಿನ್ ಮಾತ್ರ ಹಾಗೇ ಇರಲಿ, ಹೊಸದು ಅದರ ಮೇಲೆ ಟಕ್ ಅಂತ ಕೂರುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಚೂರು ಹಾರುತ್ತದೆ. ಕೀ, ಕಂಬಿ ಎರಡಕ್ಕೂ ಪೆನ್ಸಿಲ್‌ನಲ್ಲಿ ನಂಬರ್ ಬರೆಯಿರಿ. ಪಕ್ಕದ ಕಂಬಿಗಳು ನೋಡಲು ಒಂದೇ ಥರ ಇರುತ್ತವೆ.

ನಿಜವಾದ ಕೆಲಸ ಇದಾದ ಮೇಲೆ. ಎಲ್ಬೋವನ್ನು ಕಂಬಿಯ ತುದಿಯ ತಿರುಪಿನ (ಥ್ರೆಡ್) ಮೇಲೆ ತಿರುಗಿಸಿ ಎತ್ತರ ಹೊಂದಿಸಬೇಕು. ಕೀ ಮುಟ್ಟಿದ ಕೂಡಲೇ ಹ್ಯಾಮರ್ ಅಲುಗಬೇಕು. ಕೀ ಸ್ವಲ್ಪ ದೂರ ಸುಮ್ನೆ ಇಳಿದರೆ ಇನ್ನೊಂದು ಸುತ್ತು ಒಳಗೆ. ಜಾಸ್ತಿ ತಿರುಗಿಸಿದರೆ ಅದೇ ಸ್ವರ ಎರಡನೇ ಸಲ ಬಾರಿಸಿದಾಗ ಏಳಲ್ಲ. ನನಗೆ ಮೂರು ಭಾನುವಾರ ಬೇಕಾಯಿತು.

ಪೀಣ್ಯ_ಅಚ್ಚು:
ಪ್ರಿಂಟ್ ಬಗ್ಗೆ ಒಂದು ಮಾತು. ತ್ರೀಡಿ ಪ್ರಿಂಟ್‌ಗೆ ಬಳಸುವ ಮಾಮೂಲಿ ಪಿಎಲ್‌ಎ ಪ್ಲಾಸ್ಟಿಕ್ ಬೇಡ, ಸದಾ ಒತ್ತಡ ಇದ್ದರೆ ನಿಧಾನಕ್ಕೆ ಬಾಗುತ್ತದೆ. ನೈಲಾನ್ ಆದರೆ ನೋಡಬಹುದು. ಆದರೆ ಪಿನ್ ಕೂರುವ ಜಾಗ ಕೂದಲೆಳೆಯಷ್ಟು ಬಿಗಿಯಾದರೂ ಕೀ ಹಿಡಿದುಕೊಳ್ಳುತ್ತದೆ. ಈ ಕೆಲಸ ನಾನೇ ಮಾಡುವವನು, ಆದರೂ ಹೇಳುತ್ತೇನೆ: ಸಿದ್ಧ ಎಲ್ಬೋ ಸಿಗುವಾಗ ಅದನ್ನೇ ತರಿಸಿ.

ಕಾಕ್ಸ್‌ಟೌನ್_ಸೊಸೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಪೂರ್ತಿ ಸೆಟ್ ಆರ್ಡರ್ ಮಾಡಿದೆ. ನಿನ್ನೆ ರಾತ್ರಿ ಮಗಳೇ ಕೂತು ಕೀಗಳಿಗೆ ನಂಬರ್ ಬರೆದಳು. 41ನೇ ಕೀ ಪಕ್ಕದಲ್ಲಿ ಆಗಲೇ ಪೆನ್ಸಿಲ್‌ನಲ್ಲಿ ಒಂದು ಸಣ್ಣ ಗುರುತು ಇತ್ತು, ಅತ್ತೆಯವರ ಕೈಬರಹ. ಅದನ್ನು ಅಳಿಸದೆ ಬಿಟ್ಟಿದ್ದೇವೆ.