ಅರ್ಗುನ್ ಕಣಿವೆಯ ಗೋಪುರಗಳು ಮತ್ತು ಬೀದರ್‌ನ ಸುರಂಗ ಬಾವಿ: ಕಟ್ಟಡವನ್ನೂ ನೆಲವನ್ನೂ ಒಟ್ಟಿಗೆ ಕಾಯಬಹುದೇ?

ಪ್ರಶ್ನೆ (ನೌಬಾದ್, ಬೀದರ್)

ಎಲ್ಲರಿಗೂ ನಮಸ್ಕಾರ. ರಷ್ಯಾದ ಚೆಚೆನ್ಯಾದ ದಕ್ಷಿಣದ ಬೆಟ್ಟಸಾಲಿನಲ್ಲಿ 1988ರಲ್ಲಿ ಸ್ಥಾಪಿಸಿದ ಅರ್ಗುನ್ ಸಂರಕ್ಷಿತ ಪ್ರದೇಶದ ಬಗ್ಗೆ ಓದುತ್ತಿದ್ದೇನೆ. ಅಲ್ಲಿ ಕಲ್ಲಿನ ಗೋಪುರಗಳು, ಗೋರಿಗಳು, ಅವು ನಿಂತಿರುವ ಕಣಿವೆ, ಕೆರೆ, ಕಾಡು ಎಲ್ಲವನ್ನೂ ಒಂದೇ ಸೊತ್ತೆಂದು ಭಾವಿಸಲಾಗಿದೆ. ನಮ್ಮ ಕಾನೂನು ರಾಷ್ಟ್ರೀಯ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು ಅಳೆಯುತ್ತದೆ. ಬಹಮನಿ ಕಾಲದ ನಮ್ಮ ಸುರಂಗ ಬಾವಿಯಂಥ (ನೆಲದಡಿ ಕೊರೆದ ನೀರಿನ ಕಾಲುವೆ) ರಚನೆಗೆ ಈ ಅಳತೆ ಸಾಕಾದೀತೇ? ಅಲ್ಲಿಯವರು ಬೆಟ್ಟವನ್ನೂ ಸೇರಿಸಿಕೊಂಡದ್ದೇಕೆ?

ಉತ್ತರ 1 (ನಿವೃತ್ತ ಇತಿಹಾಸ ಶಿಕ್ಷಕ, ಕಲಬುರಗಿ)

ಆ ಗೋಪುರಗಳನ್ನು ಬೆಟ್ಟದಿಂದ ಬೇರ್ಪಡಿಸಿದರೆ ಅವುಗಳ ಅರ್ಥವೇ ಉಳಿಯುವುದಿಲ್ಲ. ಕಾವಲು ಗೋಪುರಗಳು ಮೇಲೇರಿದಂತೆ ಕಿರಿದಾಗುತ್ತ 20 ಮೀಟರಿಗೂ ಮಿಕ್ಕಿ ನಿಲ್ಲುತ್ತವೆ. ಬಾಗಿಲು ನೆಲದಲ್ಲಿರದೆ ಮೇಲಂತಸ್ತಿನಲ್ಲಿದ್ದು, ಅಪಾಯ ಬಂದಾಗ ಏಣಿಯನ್ನು ಒಳಗೆಳೆದುಕೊಳ್ಳುತ್ತಿದ್ದರು. ಒಂದು ಗೋಪುರದ ಹೊಗೆ ಇನ್ನೊಂದಕ್ಕೆ ಕಾಣಬೇಕಾಗಿದ್ದುದರಿಂದ ನಡುವಿನ ಬಯಲು ನೋಟವೂ ರಚನೆಯ ಭಾಗವೇ. ಆ ಕಣಿವೆಯ ಉಷ್ಕಲೋಯ್ ಎಂಬಲ್ಲಂತೂ ಗೋಪುರಗಳು ಬಂಡೆಯ ಚಾಚಿನ ಕೆಳಗೆ ಕಡಿದಾದ ಗೋಡೆಗೆ ಒರಗಿವೆ. ಅಲ್ಲಿ ಬಂಡೆಯೇ ಹಿಂಗೋಡೆ.

ಇನ್ನೊಂದು ಮಾತನ್ನು ಹೇಳದಿರಲಾರೆ. 1944ರ ಫೆಬ್ರವರಿ 23ರಿಂದ ಚೆಚೆನ್ ಜನರನ್ನು ಮಧ್ಯ ಏಷ್ಯಾಕ್ಕೆ ಗಡೀಪಾರು ಮಾಡಿದಾಗ ಈ ಊರುಗಳು ಬರಿದಾದವು. 1957ರಲ್ಲಿ ಮರಳಲು ಅವಕಾಶವಾದರೂ ಎತ್ತರದ ಅನೇಕ ಊರುಗಳಲ್ಲಿ ಮತ್ತೆ ದೀಪ ಹತ್ತಲಿಲ್ಲ. ಸುಣ್ಣ ಬಳಿಯುವ, ಜಾರಿದ ಕಲ್ಲನ್ನು ಎತ್ತಿಡುವ ಮನೆಯವರಿಲ್ಲದ ಗೋಪುರ ಎಷ್ಟು ದಿನ ನಿಂತೀತು?

ಉತ್ತರ 2 (ಶಹಾಪುರ, ಯಾದಗಿರಿ)

ಗುರುಗಳೇ, ತಮ್ಮ ಕೊನೆಯ ಮಾತೇ ನನ್ನ ಆತಂಕಕ್ಕೂ ಕಾರಣ. ಅಷ್ಟು ವಿಶಾಲವಾದ ಗೆರೆಯನ್ನು ಇಲ್ಲಿ ಎಳೆದರೆ ಅದರೊಳಗೆ ಬರುವುದು ತೊಗರಿ ಹೊಲಗಳು, ದನ ಮೇಯುವ ಗುಡ್ಡಗಳು. ಆ ಜನರನ್ನು ಕೇಳದೆ ಮಾಡುವ ರಕ್ಷಣೆ ನನಗೆ ಒಪ್ಪಿಗೆಯಿಲ್ಲ. ಆದರೂ 100 ಮೀಟರ್ ಸಾಲದೆಂಬುದು ನಿಜ. ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದಾಗ ಅಶೋಕನ ಶಾಸನ ಬೆಳಕಿಗೆ ಬಂತು; ಸಮೀಪದ ಕನಗನಹಳ್ಳಿಯ ಮಣ್ಣಿನಡಿಯಲ್ಲಿ ಸ್ತೂಪವೇ ಇತ್ತು. ಗುಡಿಯ ಸುತ್ತಲಷ್ಟೇ ಕಾವಲಿಟ್ಟಿದ್ದರೆ ಸ್ತೂಪ ಆ ಗೆರೆಯ ಹೊರಗೇ ಉಳಿಯುತ್ತಿತ್ತು.

ಸುರಂಗ ಬಾವಿಯ ವಿಷಯ ಇನ್ನೂ ಸೂಕ್ಷ್ಮ. ಜಂಬಿಟ್ಟಿಗೆ ಪದರದಲ್ಲಿ ಇಂಗಿದ ಮಳೆನೀರು ಕೆಳಗಿನ ಕಪ್ಪುಕಲ್ಲಿನ ಮೇಲೆ ತಡೆದು ನಿಂತು ಕಾಲುವೆಗೆ ಜಿನುಗುತ್ತದೆ. ಆದ್ದರಿಂದ ಮೇಲಿನ ನೆಲ ಸಿಮೆಂಟಿನಡಿ ಮುಚ್ಚಿಹೋದರೆ ಅಥವಾ ಕೊಳವೆಬಾವಿಗಳು ಆ ನೀರನ್ನು ಮೊದಲೇ ಎಳೆದುಕೊಂಡರೆ, ಸುರಂಗಕ್ಕೆ ಯಾರೂ ಕೈಹಚ್ಚದೆಯೂ ಅದು ಬತ್ತುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಮೊದಲು ಗುರುತಿಸಬೇಕಾದುದು ಸುರಂಗವನ್ನಲ್ಲ, ಅದಕ್ಕೆ ನೀರು ಇಂಗಿಸುವ ಹೊಲಗಳನ್ನು. ಆ ಹೊಲಗಳ ರೈತರನ್ನು ಜೊತೆಗೂಡಿಸಿಕೊಂಡು, ಸುರಂಗಕ್ಕೆ ಮೇಲಿನಿಂದ ತೋಡಿದ ಗಾಳಿಬಾವಿಗಳ ಸಾಲನ್ನು ಹಿಡಿದು ನಡೆದು, ನಕ್ಷೆ ಬರೆಯಲು ಈ ಮಳೆಗಾಲದಲ್ಲೇ ತೊಡಗುತ್ತೇನೆ.