ಪ್ಲಗ್ ಹೊಸದು, ಕಾಯಿಲ್ ಹೊಸದು, ಆದರೂ ಮೂರನೇ ಸಿಲಿಂಡರ್ ಮಿಸ್ಸಿಂಗ್

ಪ್ರಶ್ನೆ

ನಮಸ್ಕಾರ ಅಣ್ಣ. ನಾನು ತುಮಕೂರಿನವಳು, ಕೊರಟಗೆರೆ ಕಡೆ ಶಾಲೆಯಲ್ಲಿ ಟೀಚರ್. ಓಡಾಟಕ್ಕೆ ಅಂತ ಕಳೆದ ದೀಪಾವಳಿ ಹೊತ್ತಿಗೆ ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡೆ. 2014ರ ಮಾಡೆಲ್, 1.2 ಲೀಟರ್ ಪೆಟ್ರೋಲ್, ನಾಲ್ಕು ಸಿಲಿಂಡರ್. ಹಿಂದಿನವರು ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿದ್ದಾರೆ. ಮೀಟರ್‌ನಲ್ಲಿ 94 ಸಾವಿರ ಕಿ.ಮೀ. ತೋರಿಸುತ್ತದೆ.

ತಂದ ಸ್ವಲ್ಪ ದಿನಕ್ಕೇ ಸಿಗ್ನಲ್‌ನಲ್ಲಿ ನಿಂತಾಗ ಗಾಡಿ ನಡುಗೋಕೆ ಶುರುವಾಯಿತು. ಇಂಜಿನ್ ಲೈಟ್ ಬಂತು. ಸ್ಕ್ಯಾನರ್ ಹಾಕಿದರೆ ಪಿ0303 ಕೋಡ್, ಅಂದರೆ ಮೂರನೇ ಸಿಲಿಂಡರ್ ಸರಿಯಾಗಿ ಉರಿಯದೆ ಮಿಸ್ ಆಗುತ್ತಿದೆ ಅಂತ. ನಾಲ್ಕೂ ಪ್ಲಗ್ ಬದಲಾಯಿಸಿದರು, ಮೂರನೇ ಕಾಯಿಲ್ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವುದು) ಹೊಸದು ಹಾಕಿದರು, ಇಂಜೆಕ್ಟರ್ (ಇಂಧನ ಚಿಮ್ಮಿಸುವುದು) ಕ್ಲೀನ್ ಮಾಡಿದರು. ಲೈಟ್ ಆರಿಸಿ ಕೊಡುತ್ತಾರೆ, ಮತ್ತೆ ಅದೇ ಕೋಡ್ ಬರುತ್ತದೆ. ಈಗ ಇಸಿಎಂ, ಅಂದರೆ ಇಂಜಿನ್ ಕಂಪ್ಯೂಟರ್ ಹೋಗಿದೆ, ಹಳೇದು ಒಂದು ಹುಡುಕಿ ಹಾಕೋಣ ಅನ್ನುತ್ತಿದ್ದಾರೆ. ಹಾಕಿಸಲಾ? ಸಂಬಳ ಎಲ್ಲಾ ಗಾಡಿಗೇ ಹೋಗುತ್ತಿದೆ.

ಮೆಕ್ಯಾನಿಕ್ ಉತ್ತರ

ಹಾಕಿಸಬೇಡಿ ಮೇಡಂ, ಸ್ವಲ್ಪ ತಡೆಯಿರಿ. ಇಸಿಎಂ ಹೋಗುವುದೇ ಇಲ್ಲ ಅಂತಲ್ಲ. ಆದರೆ ಅದನ್ನು ಕೊನೆಗೆ ನೋಡಬೇಕು. ಬೇರೆ ಗಾಡಿಯ ಇಸಿಎಂ ತಂದು ಹಾಕಿದರೆ ನಿಮ್ಮ ಕೀಯ ಇಮ್ಮೊಬಿಲೈಸರ್‌ಗೆ (ಬೇರೆ ಕೀಗೆ ಸ್ಟಾರ್ಟ್ ಆಗದಂತೆ ತಡೆಯುವ ಲಾಕ್) ಹೊಂದಿಸೋದು ಇನ್ನೊಂದು ತಲೆನೋವು.

ಮೊದಲು ಇಷ್ಟು ಹೇಳಿ. ಬೆಳಿಗ್ಗೆ ತಣ್ಣಗಿದ್ದಾಗ ನಡುಗುತ್ತದಾ, ಬಿಸಿಯಾದ ಮೇಲಾ? ಸಿಎನ್‌ಜಿ ಆಫ್ ಮಾಡಿ ಬರೀ ಪೆಟ್ರೋಲ್‌ನಲ್ಲಿ ಓಡಿಸಿದರೂ ಹಾಗೇನಾ? ದೇವರಾಯನದುರ್ಗದ ಏರು ಹತ್ತಿಸಿದ್ದೀರಾ? ಅಲ್ಲಿ ಹೇಗೆ ಎಳೆಯುತ್ತದೆ?

ಪ್ರಶ್ನೆ ಕೇಳಿದವರು

ಬೆಳಿಗ್ಗೆ ಏನೂ ತೊಂದರೆ ಇಲ್ಲ ಅಣ್ಣ. ಬಿಸಿಯಾದ ಮೇಲೆ, ಅದೂ ನಿಂತಾಗ ಮಾತ್ರ. ಪೆಟ್ರೋಲ್, ಸಿಎನ್‌ಜಿ ಎರಡರಲ್ಲೂ ಒಂದೇ ತರ. ದುರ್ಗಕ್ಕೆ ಹೋಗಿದ್ದೆವು. ಪಿಕಪ್ ಸ್ವಲ್ಪ ಕಮ್ಮಿ ಅನ್ನಿಸಿತು, ಆದರೆ ಜರ್ಕ್ ಇಲ್ಲದೆ ಹತ್ತಿತು. ಕೆಳಗೆ ಬಂದು ನಿಲ್ಲಿಸಿದಾಗ ಮತ್ತೆ ನಡುಕ.

ಮೆಕ್ಯಾನಿಕ್ ಉತ್ತರ

ಅರ್ಧ ಕೆಲಸ ನೀವೇ ಮಾಡಿಕೊಟ್ಟಿರಿ. ಹೇಳುತ್ತೇನೆ.

ಪಿ0303 ಅಂದರೆ ಮೂರನೇ ಕಾಯಿಲ್ ಹೋಗಿದೆ ಅಂತ ಅರ್ಥ ಅಲ್ಲ. ಕಂಪ್ಯೂಟರ್‌ಗೆ ಸಿಲಿಂಡರ್ ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ನ ವೇಗವನ್ನು ಸೆನ್ಸರ್‌ನಲ್ಲಿ ನೋಡಿ ಅದು ಲೆಕ್ಕ ಹಾಕುತ್ತದೆ. ನಾಲ್ಕು ಜನ ಪಲ್ಲಕ್ಕಿ ಹೊತ್ತು ನಡೆಯುವಾಗ ಒಬ್ಬ ಭುಜ ಇಳಿಸಿದರೆ ಆ ಮೂಲೆ ತಗ್ಗುತ್ತದಲ್ಲ, ಹಾಗೆ. ಮೂರನೆಯವನ ಸರದಿಯಲ್ಲಿ ಕ್ರ್ಯಾಂಕ್ ನಿಧಾನವಾಯಿತು ಅಂತಷ್ಟೇ ಆ ಕೋಡ್ ಹೇಳುತ್ತದೆ. ಯಾಕೆ ನಿಧಾನವಾಯಿತು ಅಂತ ನಾವು ಹುಡುಕಬೇಕು. ಕಿಡಿ ಇಲ್ಲದಿರಬಹುದು, ಇಂಧನ ಕಮ್ಮಿ ಇರಬಹುದು, ಗಾಳಿ ಕಳ್ಳದಾರಿಯಲ್ಲಿ ಬರುತ್ತಿರಬಹುದು, ಇಲ್ಲಾ ಒಳಗೆ ಒತ್ತಡವೇ ನಿಲ್ಲುತ್ತಿಲ್ಲದಿರಬಹುದು.

ಕಾಯಿಲ್ ಹೊಸದು ಕೊಳ್ಳುವ ಮುಂಚೆ ಮೂರನೆಯದನ್ನು ಎರಡಕ್ಕೆ, ಎರಡನೆಯದನ್ನು ಮೂರಕ್ಕೆ ಹಾಕಿ ನೋಡಬಹುದಿತ್ತು. ಆಗ ಕೋಡ್ ಪಿ0302 ಆಗಿ ಬದಲಾದರೆ ಕಾಯಿಲ್ ಕಳ್ಳ. ಬದಲಾಗದಿದ್ದರೆ ಕಾಯಿಲ್‌ಗೆ ಕಾಸು ಹಾಕೋದು ದಂಡ. ಪ್ಲಗ್ಗೂ ಅಷ್ಟೇ. ಇದಕ್ಕೆ ಖರ್ಚೇ ಇಲ್ಲ. ಇನ್ನೊಂದು, ಇಂಜಿನ್ ಓಡುತ್ತಿರುವಾಗ ಕಾಯಿಲ್ ಕಿತ್ತು ನೋಡುವ ಹಳೇ ಅಭ್ಯಾಸ ಇದೆ. ಅದು ಬೇಡ. ಶಾಕ್ ಹೊಡೆಯುತ್ತದೆ, ಸುಡದ ಪೆಟ್ರೋಲ್ ಸೀದಾ ಸೈಲೆನ್ಸರ್ ಕಡೆ ಹೋಗುತ್ತದೆ. ಇಂಜೆಕ್ಟರ್ ಕನೆಕ್ಟರ್ ತೆಗೆದು ನೋಡಿದರೆ ಸಾಕು. ತೆಗೆದರೂ ಐಡ್ಲಿಂಗ್‌ನಲ್ಲಿ ಏನೂ ವ್ಯತ್ಯಾಸ ಆಗದಿದ್ದರೆ ಆ ಸಿಲಿಂಡರ್ ದುಡಿಯುತ್ತಿಲ್ಲ ಅಂತ ಗೊತ್ತಾಗುತ್ತದೆ.

ಈಗ ನಿಮ್ಮ ಗಾಡಿಗೆ ಬರೋಣ. ಕಾಯಿಲ್ ಸೋತಿದ್ದರೆ ಸಾಮಾನ್ಯವಾಗಿ ಏರಿನಲ್ಲಿ, ರೇಸ್ ಜಾಸ್ತಿ ಕೊಟ್ಟಾಗ ಜರ್ಕ್ ಹೊಡೆಯುತ್ತದೆ. ನಿಮ್ಮದು ಉಲ್ಟಾ. ಪೆಟ್ರೋಲ್‌ಗೆ ಬೇರೆ ಇಂಜೆಕ್ಟರ್, ಗ್ಯಾಸ್‌ಗೆ ಬೇರೆ ಇಂಜೆಕ್ಟರ್. ಎರಡರಲ್ಲೂ ಒಂದೇ ಸಿಲಿಂಡರ್ ಮಿಸ್ ಆಗುತ್ತಿದ್ದರೆ ಇಂಜೆಕ್ಟರ್ ಮೇಲೆ ನನಗೆ ಅನುಮಾನ ಇಲ್ಲ. ಗಾಳಿ ಲೀಕ್ ಅನ್ನುವುದು ಐಡ್ಲಿಂಗ್‌ನಲ್ಲೇ ಕಾಣುವ ತೊಂದರೆ, ಹಾಗಾಗಿ ಗಾಳಿ ಒಳಗೆ ಹೋಗುವ ಮ್ಯಾನಿಫೋಲ್ಡ್‌ನ ಗ್ಯಾಸ್ಕೆಟ್ ಒಮ್ಮೆ ನೋಡಿಸಿ. ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಇಂಧನವನ್ನು ಎಷ್ಟು ಹೆಚ್ಚು ಕಮ್ಮಿ ಮಾಡುತ್ತಿದೆ ಅನ್ನುವ ಲೆಕ್ಕ) ಐಡ್ಲಿಂಗ್‌ನಲ್ಲಿ ಪ್ಲಸ್ ಕಡೆ ತುಂಬಾ ಇದ್ದು, ರೇಸ್ ಕೊಟ್ಟಾಗ ಇಳಿದರೆ ಲೀಕ್ ಇದೆ ಅಂತ ತಿಳಿಯಬಹುದು.

ಆದರೆ ನನ್ನ ಕಣ್ಣು ಇರುವುದು ವಾಲ್ವ್ ಮೇಲೆ, ಅಂದರೆ ಸಿಲಿಂಡರ್‌ಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ಬಾಗಿಲುಗಳ ಮೇಲೆ. ಸಿಎನ್‌ಜಿ ಒಣ ಇಂಧನ. ಪೆಟ್ರೋಲ್ ಹನಿಗಳು ವಾಲ್ವ್‌ಗೆ ಕೊಡುವ ತಂಪು, ಜಾರು ಅದರಲ್ಲಿ ಇಲ್ಲ. ಗ್ಯಾಸ್‌ಗೆ ಅಂತ ತಯಾರಾಗದ ಹೆಡ್‌ನಲ್ಲಿ (ಇಂಜಿನ್ನಿನ ಮೇಲ್ಭಾಗ) ವಾಲ್ವ್ ಕೂರುವ ಸೀಟ್ ಸವೆಯುತ್ತಾ ಹೋಗುತ್ತದೆ. ಸೀಟ್ ಸವೆದಷ್ಟೂ ವಾಲ್ವ್ ಮೇಲಕ್ಕೆ ಸರಿಯುತ್ತದೆ, ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್ ಒತ್ತುವ ಭಾಗದ ಹತ್ತಿರ ಬಿಟ್ಟಿರುವ ಸಣ್ಣ ಸಂದು, ಕಮ್ಮಿಯಾಗುತ್ತದೆ. ಗ್ಯಾಪ್ ಪೂರಾ ಹೋದರೆ, ಬಿಸಿಗೆ ವಾಲ್ವ್ ಉದ್ದವಾದಾಗ ಸರಿಯಾಗಿ ಮುಚ್ಚುವುದೇ ಇಲ್ಲ. ತಣ್ಣಗಿದ್ದಾಗ ಮುಚ್ಚುತ್ತದೆ. ಅದಕ್ಕೇ ಬೆಳಿಗ್ಗೆ ನಿಮ್ಮ ಗಾಡಿ ಸುಮ್ನೆ ಇರುತ್ತದೆ. ಆರ್‌ಪಿಎಂ ಜಾಸ್ತಿ ಇದ್ದಾಗ ಒತ್ತಡ ಸೋರಿಹೋಗಲು ಸಮಯ ಸಿಗುವುದಿಲ್ಲ, ಏರಿನಲ್ಲಿ ಎಳೆದುಬಿಡುತ್ತದೆ. ನಿಂತಾಗ ಸೋರಲು ಬೇಕಾದಷ್ಟು ಸಮಯ.

ಟ್ಯಾಪೆಟ್ ಸದ್ದಿಲ್ಲವಲ್ಲ ಅಂತ ಯಾರಾದರೂ ಹೇಳಬಹುದು. ಗ್ಯಾಪ್ ಜಾಸ್ತಿಯಾದರೆ ಟಕಟಕ ಅನ್ನುತ್ತದೆ. ಬಿಗಿಯಾದರೆ ಸದ್ದೇ ಇರುವುದಿಲ್ಲ. ನನಗಂತೂ ಸದ್ದಿಲ್ಲದ ಸಿಎನ್‌ಜಿ ಇಂಜಿನ್ ನೋಡಿದರೆ ಅನುಮಾನ ಜಾಸ್ತಿ.

ಕಂಪ್ರೆಷನ್ ಟೆಸ್ಟ್ ಮಾಡಿಸಿ, ಒಂದೊಂದು ಸಿಲಿಂಡರ್ ಒಳಗೆ ಎಷ್ಟು ಒತ್ತಡ ನಿಲ್ಲುತ್ತದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಇಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ತೆಗೆದಿರಬೇಕು, ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್ ಬಿಚ್ಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಬೇಕು. ತಣ್ಣಗಿನ ಗಾಡಿಗೆ ಮಾಡಿದರೆ ನಿಮ್ಮ ಕಾಯಿಲೆ ಬಚ್ಚಿಟ್ಟುಕೊಳ್ಳುತ್ತದೆ. ನಾಲ್ಕರ ರೀಡಿಂಗೂ ಇಲ್ಲಿ ಹಾಕಿ.

ಇನ್ನೊಬ್ಬ ಸದಸ್ಯರು

ಸರ್, ಇದೆಲ್ಲಾ ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಪ್ರಭಾವ ಅಲ್ವಾ? ನಮ್ಮ ಗುಬ್ಬಿ ಕಡೆ ಎಲ್ಲರೂ ಅದನ್ನೇ ಬೈಯುತ್ತಿದ್ದಾರೆ.

ಮೆಕ್ಯಾನಿಕ್ ಉತ್ತರ

ಮೈಲೇಜ್ ಸ್ವಲ್ಪ ಇಳಿಯುತ್ತದೆ, ಒಪ್ಪುತ್ತೇನೆ. ಎಥನಾಲ್‌ನಲ್ಲಿ ಪೆಟ್ರೋಲ್‌ನಷ್ಟು ಶಕ್ತಿ ಇಲ್ಲ. ಹಳೇ ಗಾಡಿಯ ರಬ್ಬರ್ ಪೈಪು, ಸೀಲುಗಳ ಮೇಲೂ ಕಣ್ಣಿಟ್ಟಿರಬೇಕು. ಆದರೆ ಟ್ಯಾಂಕಿನ ಪೆಟ್ರೋಲ್ ಕೆಟ್ಟಿದ್ದರೆ ನಾಲ್ಕೂ ಸಿಲಿಂಡರ್‌ಗೆ ಅದೇ ಹೋಗುತ್ತದೆ ಸ್ವಾಮಿ, ಮೂರನೆಯದಕ್ಕೆ ಮಾತ್ರ ಅಲ್ಲ. ಮೇಡಂ ಗಾಡಿ ಗ್ಯಾಸ್‌ನಲ್ಲೂ ಮಿಸ್ ಆಗುತ್ತಿದೆ. ಗ್ಯಾಸ್‌ನಲ್ಲಿ ಎಥನಾಲ್ ಎಲ್ಲಿಂದ ಬಂತು?

ಪ್ರಶ್ನೆ ಕೇಳಿದವರು

ಅಣ್ಣ, ಕ್ಯಾತ್ಸಂದ್ರದ ಹತ್ತಿರ ಬೇರೆ ಗ್ಯಾರೇಜಿನಲ್ಲಿ ಮಾಡಿಸಿದೆ. ಬಿಸಿ ಇದ್ದಾಗಲೇ ನೋಡಿದರು. 1ಕ್ಕೆ 174, 2ಕ್ಕೆ 170, 3ಕ್ಕೆ 108, 4ಕ್ಕೆ 172 ಪಿಎಸ್‌ಐ. ಮೂರನೆಯದಕ್ಕೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ನೋಡಿದರು, 112 ಬಂತು. ಇಂಜಿನ್ ಬಿಚ್ಚಬೇಕಾ? ಹೆದರಿಕೆ ಆಗುತ್ತಿದೆ.

ಮೆಕ್ಯಾನಿಕ್ ಉತ್ತರ

ಆಯಿಲ್ ಬಿಟ್ಟು ನೋಡಿದವರು ಕೆಲಸ ಗೊತ್ತಿರುವವರು, ಅಲ್ಲೇ ಮಾಡಿಸಿ. ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಬಿಟ್ಟಾಗ ರೀಡಿಂಗ್ ಚೆನ್ನಾಗಿ ಮೇಲೇರುತ್ತಿತ್ತು. ಏರಿಲ್ಲ. ಹಾಗಾದರೆ ಸೋರುತ್ತಿರುವುದು ಮೇಲಿನಿಂದ. ಇನ್ನೂ ಖಾತ್ರಿ ಬೇಕಿದ್ದರೆ ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಡಲಿ, ಪಿಸ್ಟನ್ ಕಂಪ್ರೆಷನ್‌ನ ಮೇಲ್ತುದಿಯಲ್ಲಿರಬೇಕು. ಸೈಲೆನ್ಸರ್‌ನಲ್ಲಿ ಬುಸ್ ಅಂದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲ್ ಕಡೆ ಬಂದರೆ ಇನ್‌ಟೇಕ್ ವಾಲ್ವ್. ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಹೆದರಬೇಡಿ. ಮೊದಲು ಟ್ಯಾಪೆಟ್ ಕವರ್ ಮಾತ್ರ ಬಿಚ್ಚಿ, ಇಂಜಿನ್ ತಣ್ಣಗಾದ ಮೇಲೆ ಫೀಲರ್ ಗೇಜ್ ಅನ್ನುವ ತೆಳು ಲೋಹದ ಪಟ್ಟಿಗಳಲ್ಲಿ ಗ್ಯಾಪ್ ಅಳೆಯಲಿ. ವಾಲ್ವ್ ಸುಟ್ಟಿಲ್ಲದಿದ್ದರೆ ಗ್ಯಾಪ್ ಸರಿ ಮಾಡಿದ ಮೇಲೆ ಕಂಪ್ರೆಷನ್ ವಾಪಸ್ ಬರುತ್ತದೆ. ಸ್ಕ್ರೂ ಇಲ್ಲದ ಬಕೆಟ್ ಟ್ಯಾಪೆಟ್ (ವಾಲ್ವ್ ತಲೆಯ ಮೇಲೆ ಕೂರುವ ಬಟ್ಟಲಿನಂಥ ಭಾಗ) ಆದರೆ ಅಳತೆ ನೋಡಿ ತೆಳು ಬಕೆಟ್ ತರಿಸಬೇಕು, ಅದಕ್ಕೆ ಒಂದೆರಡು ದಿನ ಗಾಡಿ ಬಿಟ್ಟು ಬರಬೇಕಾಗಬಹುದು. ಆಗಲೂ ಒತ್ತಡ ಬರದಿದ್ದರೆ ಹೆಡ್ ಇಳಿಸಿ ಲೇತ್‌ಗೆ ಕಳಿಸಿ ವಾಲ್ವ್, ಸೀಟ್ ಕೆಲಸ ಮಾಡಿಸಬೇಕು. ಅದು ದೊಡ್ಡ ಖರ್ಚೇ, ಸುಳ್ಳು ಹೇಳಲ್ಲ. ಆದರೆ ಅದಾದ ಮೇಲೆ ರೋಗ ಉಳಿಯುವುದಿಲ್ಲ. ಇಸಿಎಂ ಹಾಕಿದ್ದರೆ ದುಡ್ಡೂ ಹೋಗುತ್ತಿತ್ತು, ನಡುಕವೂ ಇರುತ್ತಿತ್ತು.

ಅಲ್ಲಿಯವರೆಗೆ ಓಡಿಸಲೇಬೇಕಾದರೆ ಪೆಟ್ರೋಲ್‌ನಲ್ಲಿ, ನಿಧಾನವಾಗಿ. ಇಂಜಿನ್ ಲೈಟ್ ಸುಮ್ನೆ ಉರಿಯುತ್ತಿದ್ದರೆ ಒಂದು ಮಾತು, ಮಿಣಮಿಣ ಅಂತ ಮಿನುಗುತ್ತಿದ್ದರೆ ರೇಸ್ ಬಿಟ್ಟು ಪಕ್ಕಕ್ಕೆ ನಿಲ್ಲಿಸಿ. ಸುಡದ ಇಂಧನ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿದು ಅದನ್ನೇ ಕರಗಿಸುತ್ತದೆ.

ಇನ್ನೊಬ್ಬ ಸದಸ್ಯರು

ನಾನೂ ಹಳೇ ಕಾರು ನೋಡುತ್ತಿದ್ದೇನೆ. ಮಾರುವವರು ಕೋಡ್ ಅಳಿಸಿ ತೋರಿಸಿದರೆ ನಮಗೆ ಹೇಗೆ ಗೊತ್ತಾಗಬೇಕು ಸರ್?

ಮೆಕ್ಯಾನಿಕ್ ಉತ್ತರ

ಸ್ಕ್ಯಾನರ್‌ನಲ್ಲಿ ರೆಡಿನೆಸ್ ಮಾನಿಟರ್ ಅಂತ ಒಂದು ಪುಟ ಇರುತ್ತದೆ, ಗಾಡಿಯ ಕಂಪ್ಯೂಟರ್ ತಾನೇ ಮಾಡಿಕೊಳ್ಳುವ ಪರೀಕ್ಷೆಗಳು ಮುಗಿದಿವೆಯಾ ಅಂತ ಅದು ತೋರಿಸುತ್ತದೆ. ಕೋಡ್ ಅಳಿಸಿದಾಗ ಅವು ಪೂರ್ಣ ಆಗಿಲ್ಲ ಅಂತ ತೋರಿಸುತ್ತವೆ. ಬ್ಯಾಟರಿ ತೆಗೆದರೂ ಎಷ್ಟೋ ಗಾಡಿಗಳಲ್ಲಿ ಹಾಗೇ. ಮತ್ತೆ ಪೂರ್ಣ ಆಗಲು ಗಾಡಿ ಒಂದಷ್ಟು ಓಡಬೇಕು. ದಿನಾ ಓಡಿಸುವ ಗಾಡಿ ಅಂತ ಮಾರುವವರು ಹೇಳಿದರೂ ಸುಮಾರು ಮಾನಿಟರ್ ಪೂರ್ಣ ಆಗದೇ ಇದ್ದರೆ ಯಾರೋ ಮೊನ್ನೆ ಅಳಿಸಿದ್ದಾರೆ ಅಂತಲೇ ತಿಳಿಯಿರಿ. ಗಾಡಿಯನ್ನು ಅವರು ಬಿಸಿ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬೆಳಿಗ್ಗೆ ಹೋಗಿ, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ. ಆಮೇಲೆ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಎಸಿ ಹಾಕಿ ನಿಲ್ಲಿಸಿ ನೋಡಿ. ಸಿಎನ್‌ಜಿ ಇದ್ದರೆ ಆರ್‌ಸಿಯಲ್ಲಿ ಅದು ನಮೂದಾಗಿದೆಯಾ, ಗ್ಯಾಸ್ ತುಂಬುವ ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಮಾಡಿಸಬೇಕಾದ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಆಗಿದೆಯಾ ಕೇಳಿ. ಮೇಡಂ, ನಿಮ್ಮದನ್ನೂ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು

ಆರ್‌ಸಿಯಲ್ಲಿ ಇದೆ ಅಣ್ಣ, ಟೆಸ್ಟ್ ಚೀಟಿ ಹುಡುಕಬೇಕು. ಗ್ಯಾಪ್ ನೋಡಿದರು. ಮೂರನೇ ಸಿಲಿಂಡರ್‌ನ ಒಂದು ಎಕ್ಸಾಸ್ಟ್ ವಾಲ್ವ್‌ಗೆ ಅತಿ ತೆಳು ಗೇಜ್ ಕೂಡ ಹೋಗಲಿಲ್ಲವಂತೆ. ಬಕೆಟ್‌ಗೆ ಆರ್ಡರ್ ಹಾಕಿದ್ದಾರೆ. ಅದೊಂದನ್ನು ಮಾತ್ರ ಬದಲಾಯಿಸಿದರೆ ಸಾಕಾ?

ಮೆಕ್ಯಾನಿಕ್ ಉತ್ತರ

ಒಂದು ಅಷ್ಟು ಬಿಗಿಯಾಗಿದ್ದರೆ ಉಳಿದ ಎಕ್ಸಾಸ್ಟ್ ವಾಲ್ವ್‌ಗಳೂ ಅದೇ ದಾರಿಯಲ್ಲಿರುತ್ತವೆ. ಕವರ್ ಹೇಗೂ ಬಿಚ್ಚಿದೆ, ಹದಿನಾರೂ ವಾಲ್ವ್ ಅಳೆಸಿ, ಮಿತಿಯ ಅಂಚಿಗೆ ಬಂದಿರುವುದನ್ನೆಲ್ಲಾ ಈಗಲೇ ಸರಿ ಮಾಡಿಸಿ. ಮುಚ್ಚಿದ ಮೇಲೆ ಮತ್ತೊಮ್ಮೆ ಬಿಸಿ ಗಾಡಿಗೆ ಕಂಪ್ರೆಷನ್ ನೋಡಲೇಬೇಕು, ಬರೀ ಲೈಟ್ ಆರಿಸಿ ಕೊಟ್ಟರೆ ಒಪ್ಪಬೇಡಿ. ಹದಿನಾರು ಅಳತೆಯನ್ನೂ ಒಂದು ಚೀಟಿಯಲ್ಲಿ ಬರೆಸಿಕೊಂಡು ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟುಕೊಳ್ಳಿ. ಗ್ಯಾಸ್‌ನಲ್ಲೇ ಓಡಿಸುವುದಾದರೆ ಮುಂದಿನ ಸಲ ಅಳೆದಾಗ ಸೀಟ್ ಎಷ್ಟು ಬೇಗ ಸವೆಯುತ್ತಿದೆ ಅಂತ ಅದರಿಂದಲೇ ತಿಳಿಯುತ್ತದೆ.