ಸೋದರಮಾವನ ಮಗನ ಜೊತೆ ಚರ್ಚ್ ಮದುವೆ: ತಯಾರಿ ಹೇಗೆ, 'ದೈವಕರೆ' ಅಂದ್ರೇನು?

ಪ್ರಶ್ನೆ (ಮಂಡ್ಯ)
ಜನವರಿಯಲ್ಲಿ ಮದುವೆ ಅಂತ ಮಾತಾಗಿದೆ. ಹುಡುಗ ಸ್ವಂತ ಸೋದರಮಾವನ ಮಗ, ಮೈಸೂರಿನಲ್ಲಿರೋದು. ಇಬ್ಬರೂ ಕಥೋಲಿಕರೇ. "ಮದುವೆಯೂ ಒಂದು ದೈವಕರೆ, ಯೋಚಿಸಿಕೊಂಡು ಬನ್ನಿ" ಅಂದ್ರು ಫಾದರ್. ದೈವಕರೆ ಅನ್ನೋದು ಫಾದರ್, ಸಿಸ್ಟರ್ ಆಗೋರಿಗಲ್ವಾ? ಪತ್ರಗಳು ಏನೇನು ಬೇಕು? ತಿಳಿದವರು ಹೇಳಿ.

ಬನ್ನಿಮಂಟಪದಿಂದ
ಛತ್ರಕ್ಕೆ ಅಡ್ವಾನ್ಸ್ ಕೊಡೋ ಮುಂಚೆ ಈ ನೆಂಟಸ್ತಿಕೆ ವಿಷಯ ಫಾದರ್ ಕಿವಿಗೆ ಹಾಕಿ. ಮಾವನ ಮಗ ಅಂದ್ರೆ ನಮ್ಮ ಕಡೆ ವರಸೆಯಾದ ಸಂಬಂಧ, ಯಾರೂ ಹುಬ್ಬೇರಿಸಲ್ಲ. ಧರ್ಮಸಭೆಯ (ಕಥೋಲಿಕ ಚರ್ಚಿನ) ಕಾನೂನಿನಲ್ಲಿ ಮಾತ್ರ ಅದು ಅಡ್ಡಿ (ನಿಯಮ 1091). ಎಣಿಕೆ ಹೀಗೆ: ನೀವು, ನಿಮ್ಮ ತಾಯಿ, ಆ ಕಡೆ ಮಾವ, ಮಾವನ ಮಗ. ಅಜ್ಜ-ಅಜ್ಜಿಯನ್ನು ಲೆಕ್ಕಕ್ಕೆ ತಗೊಳ್ಳಬಾರದು. ನಾಲ್ಕು ಜನ, ನಾಲ್ಕನೇ ಹಂತ. ಅಡ್ಡಿ ಇರೋದು ನಾಲ್ಕರವರೆಗೆ, ಅಲ್ಲೇ ಸಿಕ್ಕಿಬಿದ್ದಿದ್ದೀರಿ. ಹೆದರಬೇಡಿ, ಧರ್ಮಾಧ್ಯಕ್ಷರು (ಬಿಷಪ್) ವಿನಾಯಿತಿ ಕೊಡಬಹುದು. ಅರ್ಜಿ ನಿಮ್ಮ ಫಾದರ್ ಮೂಲಕ ಹೋಗಬೇಕು. ಎರಡೂ ಕಡೆಯ ಹೆಸರು ಹಾಕಿ ವಂಶವೃಕ್ಷ ಬರೆದುಕೊಂಡು ಹೋಗಿ. ಮುಚ್ಚಿಟ್ಟು ಮದುವೆಯಾದ್ರೆ ಆ ಮದುವೆಯೇ ಅಸಿಂಧು.

ಇಷ್ಟೂ ಲ್ಯಾಟಿನ್ ವಿಧಿಯವರಿಗೆ, ಅಂದ್ರೆ ರೋಮಿನ ಪೂಜಾಕ್ರಮ ಅನುಸರಿಸೋ ಕಥೋಲಿಕರಿಗೆ. ಕೇರಳ ಮೂಲದ ಸಿರೋ-ಮಲಬಾರ್ ಕಥೋಲಿಕರಾದ್ರೆ ಮಂಡ್ಯಕ್ಕೆ ಬೇರೆಯೇ ಧರ್ಮಪ್ರಾಂತ್ಯ (ಡಯಾಸಿಸ್) ಇದೆ (2010ರಿಂದ), ಅಲ್ಲೇ ಕೇಳಬೇಕು.

ಶ್ರೀರಂಗಪಟ್ಟಣದಿಂದ
ಪತ್ರಗಳ ವಿಷಯ. ಬೀರುವಿನಲ್ಲಿ ಲ್ಯಾಮಿನೇಟ್ ಮಾಡಿಟ್ಟಿರೋ ಜ್ಞಾನಸ್ನಾನದ ಸರ್ಟಿಫಿಕೇಟ್ ನಡೆಯಲ್ಲ. ಜ್ಞಾನಸ್ನಾನ ಆದ ಚರ್ಚಿನಿಂದಲೇ ಹೊಸದು ತರಬೇಕು, ಆರು ತಿಂಗಳ ಒಳಗಿನದು. ಕಾರಣ ಇದೆ: ದೃಢೀಕರಣ (ಜ್ಞಾನಸ್ನಾನದ ನಂತರ ಪಡೆಯೋ ಕನ್ಫರ್ಮೇಶನ್), ಮದುವೆ ಎಲ್ಲವನ್ನೂ ಅದೇ ಪುಸ್ತಕದಲ್ಲಿ ನಿಮ್ಮ ಹೆಸರಿನ ಪಕ್ಕ ಬರೆದಿರ್ತಾರೆ. ಹೊಸ ಪ್ರತಿ ನೋಡಿದ್ರೆ ಈ ಮೊದಲು ಮದುವೆ ಆಗಿದೆಯೋ ಇಲ್ಲವೋ ಗೊತ್ತಾಗುತ್ತೆ. ಜೊತೆಗೆ ದೃಢೀಕರಣದ ಪತ್ರ, ಮದುವೆ ತಯಾರಿ ಶಿಬಿರದ ಸರ್ಟಿಫಿಕೇಟ್, ಆಧಾರ್, ಫೋಟೋ. ಆಧಾರ್‌ನಲ್ಲಿ ಒಂದು ಹೆಸರು, ಚರ್ಚ್ ಪುಸ್ತಕದಲ್ಲಿ ಇನ್ನೊಂದು ಇದ್ರೆ ಈಗಲೇ ಹೇಳಿ. ಕಡೇ ವಾರದಲ್ಲಿ ಎಡವೋದು ಹೆಚ್ಚಾಗಿ ಇಲ್ಲೇ.

ಇವರಿಬ್ಬರ ಮದುವೆ ಇದೆ ಅಂತ ಚರ್ಚಿನಲ್ಲಿ ಮಾಡೋ ಪ್ರಕಟಣೆ ಸಾಮಾನ್ಯವಾಗಿ ಮೂರು ಭಾನುವಾರ, ಇಬ್ಬರ ಧರ್ಮಕೇಂದ್ರದಲ್ಲೂ (ಪ್ಯಾರಿಷ್). ವಿನಾಯಿತಿ ಅರ್ಜಿ ಅದಕ್ಕಿಂತ ಮುಂಚೆ ಹೋಗಿರಲಿ. ದಿನ ಮುಂದಕ್ಕೆ ಹೋಗಿ ತಪಸ್ಸುಕಾಲಕ್ಕೆ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಬಿದ್ರೆ ಬಹಳಷ್ಟು ಕಡೆ ಮದುವೆ ಇಟ್ಟುಕೊಳ್ಳಲ್ಲ.

ಮೈಸೂರಿನಿಂದ, ಶಿಬಿರದಲ್ಲಿ ಪಾಠ ಮಾಡೋರು
ದೈವಕರೆ ಅಂದ್ರೆ ದೇವರು ಒಬ್ಬೊಬ್ಬರನ್ನ ಒಂದೊಂದು ಬಗೆಯ ಬಾಳಿಗೆ ಕರೆಯೋದು, ಅದು ಫಾದರ್-ಸಿಸ್ಟರ್‌ಗಳಿಗೆ ಮಾತ್ರ ಅಲ್ಲಮ್ಮ. ಮದುವೆ ಧರ್ಮಸಭೆಯ ಏಳು ಸಂಸ್ಕಾರಗಳಲ್ಲಿ (ದೇವರ ಕೃಪೆ ತರೋ ಪವಿತ್ರ ವಿಧಿಗಳು) ಒಂದು. ಅದನ್ನ ಕೊಡೋರು ಯಾರು ಗೊತ್ತಾ? ಫಾದರ್ ಅಲ್ಲ. ಲ್ಯಾಟಿನ್ ಸಂಪ್ರದಾಯದಲ್ಲಿ ವಧು-ವರರೇ ಒಬ್ಬರಿಗೊಬ್ಬರು ಕೊಟ್ಟುಕೊಳ್ತಾರೆ. ಫಾದರ್ ಧರ್ಮಸಭೆಯ ಪರವಾಗಿ ನಿಂತು ಆ ಸಮ್ಮತಿಯನ್ನ ಕೇಳಿ ಸ್ವೀಕರಿಸ್ತಾರೆ.

ದೇವರ ಪ್ರೀತಿಗೆ ಅಳತೆ ಶಿಲುಬೆ. ಕ್ರಿಸ್ತ ತನ್ನನ್ನೇ ಕೊಟ್ಟ, ಯಾರ ಬಲವಂತಕ್ಕೂ ಅಲ್ಲ. ಸಂತ ಪೌಲ ಎಫೆಸಿಯರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಗಂಡಂದಿರಿಗೆ ಹಾಕಿಕೊಟ್ಟ ಮೇಲ್ಪಂಕ್ತಿ ಅದೇ. ಹಾಗಂತ ಬಯಸೋ ಪ್ರೀತಿ ಕೀಳಲ್ಲ. ಬಯಸೋ ಪ್ರೀತಿ, ಕೊಡೋ ಪ್ರೀತಿ ಎರಡನ್ನೂ ಬೇರೆ ಮಾಡೋಕಾಗಲ್ಲ ಅಂತ ಪೋಪ್ 16ನೇ ಬೆನೆಡಿಕ್ಟ್ 2005ರ ತಮ್ಮ ಮೊದಲ ವಿಶ್ವಪತ್ರದಲ್ಲೇ (ಪೋಪ್ ಇಡೀ ಧರ್ಮಸಭೆಗೆ ಬರೆಯೋ ಪತ್ರ) ಬರೆದಿದ್ದಾರೆ. ಹುಡುಗ ಇಷ್ಟವಾಗೋದೂ ಕರೆಯ ಒಂದು ಭಾಗವೇ.

ಕೊಡೋದು ಅಂದ್ಮೇಲೆ ಕೈ ಕಟ್ಟಿಸಿಕೊಂಡು ಕೊಡೋಕಾಗಲ್ಲ. ಅದಕ್ಕೇ ಫಾದರ್ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿಸ್ತಾರೆ. ಸಂಬಂಧದೊಳಗಿನ ಮದುವೆಯಲ್ಲಿ ಇದು ಇನ್ನೂ ಮುಖ್ಯ. "ಆಸ್ತಿ ಹೊರಗೆ ಹೋಗಬಾರದು", "ಅಜ್ಜಿ ಕಣ್ಮುಚ್ಚೋದ್ರೊಳಗೆ ಆಗಲಿ" ಅನ್ನೋ ಒತ್ತಾಯ ಇದ್ರೆ ಆ ಕೋಣೆಯಲ್ಲೇ ಬಾಯಿ ಬಿಡಿ. ಬಲವಂತ, ದೊಡ್ಡ ಭಯಕ್ಕೆ ಸಿಕ್ಕಿ ಕೊಟ್ಟ ಸಮ್ಮತಿ ಸಮ್ಮತಿಯೇ ಅಲ್ಲ (ನಿಯಮ 1103).

ಪ್ರಶ್ನೆ ಕೇಳಿದವರು
ಒತ್ತಾಯ ಇಲ್ಲ ಸರ್. ತಾಳಿ ಕಟ್ಟೋ ಹೊತ್ತಿಗೆ ಮುಹೂರ್ತ ನೋಡಬೇಕು ಅಂತಿದ್ದಾರೆ ಅತ್ತೆ.

ಬನ್ನಿಮಂಟಪದಿಂದ
ತಾಳಿ ಕಟ್ಟಿದಾಗ ಅಲ್ಲ ಮದುವೆ ಆಗೋದು. ಮೊದಲು ಮೂರು ಪ್ರಶ್ನೆ: ಸ್ವಂತ ಇಚ್ಛೆಯಿಂದ ಬಂದಿದ್ದೀರಾ, ಬದುಕಿರೋವರೆಗೂ ಪ್ರೀತಿಸಿ ಗೌರವಿಸ್ತೀರಾ, ದೇವರು ಕೊಡೋ ಮಕ್ಕಳನ್ನ ಸ್ವೀಕರಿಸ್ತೀರಾ. ಆಮೇಲೆ ಬಲಗೈ ಹಿಡಿದು ವಚನ ಹೇಳ್ತೀರಲ್ಲ, ಮದುವೆ ಆಗಿದ್ದು ಆಗ. ತಾಳಿ, ಉಂಗುರ ಮಂತ್ರಿಸೋದು ಅದಾದ ಮೇಲೆ. ಹೊತ್ತು ಮುಗಿದೋಯ್ತು ಅಂತ ವಚನದ ಮಧ್ಯೆ ಫಾದರ್‌ಗೆ ಅವಸರ ಮಾಡಬೇಡಿ ಅಂತ ಅತ್ತೆಗೆ ಈಗಲೇ ಹೇಳಿಡಿ. ಇಬ್ಬರು ಸಾಕ್ಷಿಗಳು ವಚನ ಕೇಳೋಷ್ಟು ಹತ್ತಿರ ನಿಂತಿರಲಿ, ಫೋಟೋದವರು ಅವರನ್ನ ಪಕ್ಕಕ್ಕೆ ತಳ್ಳದ ಹಾಗೆ ನೋಡ್ಕೊಳ್ಳಿ. ರಿಜಿಸ್ಟರ್‌ಗೆ ಸಹಿ ಹಾಕೋರೂ ಅವರೇ.